ಡರ್ಬಿಯ ಗೋಲುಗಳಿಗೆ ಪೇಟೆ ಕಟ್ಟುವ ಬೆಲೆ

(ಮುಂಬಯಿಯ ಮಾಟುಂಗಾದಲ್ಲಿ ಕನ್ನಡಿಗರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಧ್ವನಿಮುದ್ರಣವನ್ನು ಆಧರಿಸಿದ್ದು.)

2024ರ ಏಪ್ರಿಲ್ 24ರ ರಾತ್ರಿಯಿಂದ ಮಾತು ಆರಂಭಿಸುತ್ತೇನೆ. ಅಂದು ಗೋವಾದ ಫಾತೊರ್ಡಾ ಮೈದಾನದಲ್ಲಿ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲಿನ ಸೆಮಿಫೈನಲ್‌ನ ಮೊದಲ ಲೆಗ್, ಅಂದರೆ ಎರಡು ಪಂದ್ಯಗಳಲ್ಲಿ ಮೊದಲನೆಯದು, ನಡೆದಿತ್ತು. ಒಂದು ಕಡೆ ಎಫ್‌ಸಿ ಗೋವಾ, ಇನ್ನೊಂದು ಕಡೆ ನಮ್ಮ ಮುಂಬೈ ಸಿಟಿ. ಒಂದೇ ಊರಿನ ಎರಡು ತಂಡಗಳ ಕಾದಾಟಕ್ಕೆ ಮಾತ್ರ ಡರ್ಬಿ ಎನ್ನಬೇಕೆಂದು ಹಟ ಹಿಡಿಯುವವರು ಇದನ್ನು ಡರ್ಬಿ ಎಂದು ಒಪ್ಪಲಾರರು. ಆದರೆ ಕೊಂಕಣ ರೈಲಿನಲ್ಲಿ ಒಂದು ರಾತ್ರಿಯ ನಿದ್ದೆಯಷ್ಟು ದೂರದಲ್ಲಿರುವ ಈ ಎರಡು ನೆರೆಯವರ ನಡುವಿನ ಬಿರುಸು ಯಾವ ಡರ್ಬಿಗೂ ಕಡಿಮೆಯದಲ್ಲ.

ಪಂದ್ಯವನ್ನು ನಾವು ಒಂಬತ್ತು ಜನ ಇಲ್ಲೇ ಸಮೀಪದ ಒಂದು ಉಡುಪಿ ಹೋಟೆಲಿನ ಮಾಳಿಗೆಯಲ್ಲಿ, ಹೋಟೆಲಿನ ಹುಡುಗರು ಮಲಗುವ ಕೋಣೆಯಲ್ಲಿ ಕುಳಿತು ನೋಡಿದೆವು. ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತನಾದವನಿಗೆ ಸುಮ್ಮನೆ ಪಂದ್ಯ ನೋಡುವುದು ಆಗದ ಕೆಲಸ. ಹಳೆಯ ಬಿಲ್ಲೊಂದರ ಹಿಂಬದಿಯಲ್ಲಿ ನಾನು ಹೀಗೆ ಬರೆದೆ: "ಎರಡೂ ತಂಡ ಸೇರಿ ಮೂರು ಅಥವಾ ಹೆಚ್ಚು ಗೋಲು ಹೊಡೆದರೆ ಈ ಚೀಟಿ ಇದ್ದವರಿಗೆ ಹತ್ತು ಕಟಿಂಗ್ ಚಹಾ. ಇಲ್ಲದಿದ್ದರೆ ಏನೂ ಇಲ್ಲ." ಇಂಥ ಕೆಲವು ಚೀಟಿಗಳನ್ನು ಹಂಚಿ, ಪಂದ್ಯ ಮುಗಿಯುವವರೆಗೂ ಯಾರು ಯಾರಿಗೆ ಬೇಕಾದರೂ ಎಷ್ಟು ಚಹಾಕ್ಕೆ ಬೇಕಾದರೂ ಮಾರಬಹುದೆಂದು ಸಾರಿದೆ. ಗೆದ್ದ ಚಹಾವನ್ನು ಕೊನೆಗೆ ಎಲ್ಲರೂ ಹಂಚಿಕೊಂಡೇ ಕುಡಿದೆವು ಎಂಬುದನ್ನು, ಸಭೆಯಲ್ಲಿ ಪೊಲೀಸ್ ಇಲಾಖೆಯವರು ಯಾರಾದರೂ ಇದ್ದರೆ, ದಯವಿಟ್ಟು ಗುರುತು ಹಾಕಿಕೊಳ್ಳಿ.

ಆಟ ಶುರುವಾಗುವಾಗ ಚೀಟಿ ಐದು ಚಹಾಕ್ಕೆ ಕೈ ಬದಲಾಯಿಸುತ್ತಿತ್ತು. 16ನೇ ನಿಮಿಷದಲ್ಲಿ ಗೋವಾದ ಬೋರಿಸ್ ಸಿಂಗ್ ಗೋಲು ಹೊಡೆದಾಗ ಆರಕ್ಕೆ ಏರಿ ಏಳರ ಕಡೆ ವಾಲಿತು. ವಿರಾಮದವರೆಗೆ ಮತ್ತೆ ಗೋಲು ಬರಲಿಲ್ಲ, ಬೆಲೆ ನಾಲ್ಕಕ್ಕೆ ಕರಗಿತು. 56ನೇ ನಿಮಿಷದಲ್ಲಿ ಬ್ರ್ಯಾಂಡನ್ ಫೆರ್ನಾಂಡಿಸ್ ಎರಡನೆಯದನ್ನು ಹೊಡೆದಾಗ ಏಳು. ಆಮೇಲೆ ನಿಮಿಷಗಳು ಸರಿದಂತೆ ಆರು, ಐದು, ನಾಲ್ಕು. 89ನೇ ನಿಮಿಷದಲ್ಲಿ, ಗೋವಾ 2–0 ಮುಂದಿದ್ದಾಗ, ಗಲ್ಲಾಪೆಟ್ಟಿಗೆ ಬಿಟ್ಟು ಮೇಲೆ ಬಂದ ಶೆಟ್ಟರು ನನ್ನ ಕೈಯಲ್ಲಿದ್ದ ಚೀಟಿ ನೋಡಿ ಕೇಳಿದರು: "ಮಾಸ್ಟ್ರೇ, ಎಷ್ಟಕ್ಕೆ ಕೊಡ್ತೀರಿ?" "ಎರಡು ಕಟಿಂಗ್" ಎಂದೆ. "ಕೊಡಿ ಇಲ್ಲಿ. ಎರಡು ಚಾದಲ್ಲಿ ನನ್ನದೇನು ಮುಳುಗ್ತದೆ ಮಾರಾಯ್ರೆ" ಎಂದು ತೆಗೆದುಕೊಂಡರು. ಮುಂದಿನದನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. 90ನೇ ನಿಮಿಷದಲ್ಲಿ ಛಾಂಗ್ಟೆ, ಅದರ ಬೆನ್ನಿಗೇ ವಿಕ್ರಮ್ ಪ್ರತಾಪ್ ಸಿಂಗ್, ಹೆಚ್ಚುವರಿ ಸಮಯದ ಆರನೇ ನಿಮಿಷದಲ್ಲಿ ಮತ್ತೆ ಛಾಂಗ್ಟೆ. 2–0 ಇದ್ದದ್ದು 2–3 ಆಗಿ ಮುಗಿಯಿತು. ಒಟ್ಟು ಐದು ಗೋಲು. ಶೆಟ್ಟರ ಎರಡು ಚಹಾ ಹತ್ತಾಯಿತು.

ನಾನು ಮೋಸಹೋದೆನೆಂದು ಆ ಕೋಣೆಯಲ್ಲಿ ಎಲ್ಲರೂ ನಕ್ಕರು, ಈಗ ನೀವೂ ನಗುತ್ತಿದ್ದೀರಿ. ಎರಡು ಚಹಾದ ಬೆಲೆ ಸರಿಯಾಗಿಯೇ ಇತ್ತು ಎಂದು ತೋರಿಸುವುದಕ್ಕೇ ನಾನು ಇವತ್ತು ಇಲ್ಲಿ ನಿಂತಿರುವುದು.

ಆ ಚೀಟಿಯ ಆಟಕ್ಕೆ ದೊಡ್ಡ ಪ್ರಪಂಚದಲ್ಲಿ ಪ್ರೆಡಿಕ್ಷನ್ ಮಾರ್ಕೆಟ್ ಎಂದು ಹೆಸರು. ಕನ್ನಡದಲ್ಲಿ ಊಹೆಯ ಪೇಟೆ ಎನ್ನೋಣ. ಚಹಾದ ಬದಲು ನೂರು ರೂಪಾಯಿ ಇಟ್ಟುಕೊಳ್ಳಿ. ಮೂರು ಗೋಲು ಬಂದರೆ 'ಹೌದು' ಚೀಟಿಗೆ ನೂರು, ಬಾರದಿದ್ದರೆ 'ಇಲ್ಲ' ಚೀಟಿಗೆ ನೂರು. ಎರಡರಲ್ಲಿ ಒಂದಕ್ಕೆ ನೂರು ಸಿಗುವುದು ಖಂಡಿತವಾದ್ದರಿಂದ ಎರಡರ ಬೆಲೆ ಸೇರಿದರೆ ಸುಮಾರು ನೂರೇ ಆಗಬೇಕು. 'ಹೌದು' 52ಕ್ಕೆ ಮಾರಾಟವಾಗುತ್ತಿದ್ದರೆ, ಕೊಳ್ಳುವವರೂ ಮಾರುವವರೂ ಸೇರಿ ಆ ಘಟನೆಗೆ ನೂರರಲ್ಲಿ 52ರಷ್ಟು ಸಾಧ್ಯತೆ ಇದೆಯೆಂದು ತೂಗಿದ್ದಾರೆ ಎಂದು ಅದನ್ನು ಓದಬಹುದು. ಬುಕ್ಕಿಯ ಲೆಕ್ಕ ಹೀಗಲ್ಲ. ಅವನು ಎರಡೂ ಕಡೆಯ ದರವನ್ನು ತಾನೇ ಕಟ್ಟುತ್ತಾನೆ, ಕೂಡಿಸಿ ನೋಡಿದರೆ ಅದು ನೂರನ್ನು ಮೀರಿರುತ್ತದೆ, ಆ ಮೀರಿದ ಭಾಗವೇ ಅವನ ಹೊಟ್ಟೆಪಾಡು. ಊಹೆಯ ಪೇಟೆಯಲ್ಲಿ ದರ ಕಟ್ಟುವುದು ಪರಸ್ಪರ ಎದುರು ನಿಂತ ಗಿರಾಕಿಗಳು. ನಡೆಸುವವರು ಕಮಿಷನ್ ತೆಗೆದುಕೊಳ್ಳುತ್ತಾರೆ. 1988ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಅಧ್ಯಾಪಕರು ಅಧ್ಯಕ್ಷೀಯ ಚುನಾವಣೆಗಾಗಿ ಇಂಥದ್ದೊಂದನ್ನು ಸಂಶೋಧನೆಗೆಂದು ತೆರೆದರು. ಇಂದು ಅಲ್ಲಿ ಕಾಲ್ಷಿ, ಪಾಲಿಮಾರ್ಕೆಟ್ ಮೊದಲಾದ ಕಡೆ ಚುನಾವಣೆಯಿಂದ ಹಿಡಿದು ಫುಟ್‌ಬಾಲಿನವರೆಗೆ ಎಲ್ಲಕ್ಕೂ ಚೀಟಿ ಉಂಟು.

ಗೋಲುಗಳ ಪೇಟೆಯಲ್ಲಿ ಗೆರೆಯನ್ನು ಸಾಮಾನ್ಯವಾಗಿ ಎರಡೂವರೆಗೆ ಎಳೆಯುತ್ತಾರೆ. ಅರ್ಧ ಗೋಲು ಹೊಡೆದವರನ್ನು ಯಾರೂ ಕಂಡಿಲ್ಲ, ಆದ್ದರಿಂದಲೇ ಆ ಅರ್ಧ. ಗೆರೆ ಮೂರರ ಮೇಲೆಯೇ ಇದ್ದು ಮೂರೇ ಗೋಲು ಬಂದರೆ ಗೆದ್ದವರಾರು ಎಂಬ ತಕರಾರು ಹುಟ್ಟುತ್ತದೆ. ಎರಡೂವರೆಯಾದರೆ ಮೂರು ಆಚೆಗೆ, ಎರಡು ಈಚೆಗೆ. ಚೀಟಿಯ ಮೇಲಿನ ಬರಹವನ್ನು ಓದುವ ವ್ಯವಧಾನವೂ ಬೇಕು. ಸ್ವಂತ ಗೋಲು ಲೆಕ್ಕಕ್ಕೆ ಬರುತ್ತದೆ. ತೊಂಬತ್ತು ನಿಮಿಷಕ್ಕೆ ರೆಫರಿ ಸೇರಿಸುವ ಹೆಚ್ಚುವರಿ ಸಮಯ ಬರುತ್ತದೆ. ಆದರೆ ನಾಕೌಟ್ ಪಂದ್ಯದಲ್ಲಿ ಸಮಬಲವಾದಾಗ ಆಡಿಸುವ ಮೂವತ್ತು ನಿಮಿಷದ ಎಕ್ಸ್‌ಟ್ರಾ ಟೈಮ್ ಸಾಮಾನ್ಯವಾಗಿ ಬರುವುದಿಲ್ಲ, ಪೆನಾಲ್ಟಿ ಶೂಟೌಟ್ ಅಂತೂ ಇಲ್ಲವೇ ಇಲ್ಲ. ಈ ಒಂದು ಸಾಲನ್ನು ಓದದೆ ಕುಣಿದು ಕೊನೆಗೆ ಪೆಚ್ಚಾದವರು ಬಹಳ.

ಡರ್ಬಿಯಲ್ಲಿ ಯಾರು ಗೆಲ್ಲುತ್ತಾರೆ ಎಂಬ ಪೇಟೆಯನ್ನು ಬಿಟ್ಟು ಎಷ್ಟು ಗೋಲು ಎಂಬ ಪೇಟೆಯನ್ನು ನಾನು ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ಪಂದ್ಯದ ದಿನ ಕೋಲ್ಕತ್ತಾದಲ್ಲಿ ಯಾರು ಗೆಲ್ಲಬಹುದೆಂದು ಒಬ್ಬ ಬಾಗಾನ್ ಭಕ್ತನನ್ನು ಕೇಳಿದರೆ ಅವನು ಹೇಳುವುದು ಅಂದಾಜನ್ನಲ್ಲ, ನಿಷ್ಠೆಯನ್ನು. ಅವನು ಕೊಳ್ಳುವ ಚೀಟಿಯೂ ಹರಕೆಯ ಕಾಣಿಕೆಯಂಥದು. ಇಂಥವರ ಸಂಖ್ಯೆ ಒಂದು ಕಡೆ ಹೆಚ್ಚಿದರೆ ಆ ತಂಡದ ಬೆಲೆ ಅದರ ಯೋಗ್ಯತೆಗಿಂತ ಮೇಲೇರುತ್ತದೆ. ಒಟ್ಟು ಗೋಲಿಗೆ ಬಣ್ಣದ ಅಂಗಿ ಇಲ್ಲ. ಮೂರು ಗೋಲು ಬಂದರೆ ಅದು ಬಾಗಾನಿನ ಗೆಲುವೂ ಅಲ್ಲ, ಈಸ್ಟ್ ಬೆಂಗಾಲಿನ ಸೋಲೂ ಅಲ್ಲ. ಹಾಗಾಗಿ ಇಲ್ಲಿ ಅಭಿಮಾನಿಯೂ ಸ್ವಲ್ಪ ಮಟ್ಟಿಗೆ ಲೆಕ್ಕಿಗನಾಗುತ್ತಾನೆ.

ಆದರೆ ಪೂರಾ ಆಗುವುದಿಲ್ಲ. ಒಂದು ಅಂಟು ಉಳಿದೇ ಇರುತ್ತದೆ, ಅದು ಗೋಲಿನ ಹಸಿವು. ಟಿಕೆಟ್ ಕೊಂಡು ಗೋಲು ಬಾರದಿರಲಿ ಎಂದು ಬೇಡಿಕೊಳ್ಳುವ ಪ್ರೇಕ್ಷಕನನ್ನು ನಾನು ನೋಡಿಲ್ಲ. 'ಇಲ್ಲ' ಚೀಟಿ ಹಿಡಿದವನು ತೊಂಬತ್ತು ನಿಮಿಷವೂ ಒಳ್ಳೆಯದು ಯಾವುದೂ ನಡೆಯದಿರಲಿ ಎಂದು ಕಾಯಬೇಕು. ಅದು ಮದುವೆಮನೆಗೆ ಹೋಗಿ ಮಳೆ ಬರಲಿ ಎಂದು ಹರಸಿದಂತೆ. ಜೊತೆಗೆ ನೆನಪೂ ನಮ್ಮನ್ನು ಒಂದೇ ಕಡೆಗೆ ನೂಕುತ್ತದೆ. ಕೋಲ್ಕತ್ತಾ ಡರ್ಬಿ ಎಂದೊಡನೆ ಯಾವುದು ನೆನಪಾಗುತ್ತದೆ? 1975ರ ಐಎಫ್‌ಎ ಶೀಲ್ಡ್ ಫೈನಲಿನಲ್ಲಿ ಈಸ್ಟ್ ಬೆಂಗಾಲ್ ಹೊಡೆದ ಐದು. 1997ರ ಜುಲೈ 13ರಂದು ಫೆಡರೇಷನ್ ಕಪ್ ಸೆಮಿಫೈನಲಿನಲ್ಲಿ, ಒಂದು ಲಕ್ಷ ಮೂವತ್ತು ಸಾವಿರ ಜನರ ಮುಂದೆ, ಬಾಗಾನಿನ ತರಬೇತುದಾರ ಅಮಲ್ ದತ್ತರ ಹೆಸರಾಂತ ಡೈಮಂಡ್ ವ್ಯೂಹವನ್ನು ಒಡೆದು ಈಸ್ಟ್ ಬೆಂಗಾಲಿನ ಭುಟಿಯಾ ಹ್ಯಾಟ್ರಿಕ್ ಹೊಡೆದ 4–1. 2009ರ ಅಕ್ಟೋಬರಿನಲ್ಲಿ ಚಿಡಿ ಎಡೆ ಒಬ್ಬನೇ ನಾಲ್ಕು ಗೋಲು ಹೊಡೆದು ಬಾಗಾನಿಗೆ ಗಳಿಸಿಕೊಟ್ಟ 5–3. ಗೋವಾ ಮತ್ತು ಮುಂಬಯಿಯ ಪಂದ್ಯವೆಂದರೆ 2015ರ ನವೆಂಬರಿನಲ್ಲಿ ಅದೇ ಫಾತೊರ್ಡಾದಲ್ಲಿ ನಾವು 7–0ಯಿಂದ ಸೋತದ್ದು, ಹಾವೊಕಿಪ್ ಮತ್ತು ಡುಡು ಇಬ್ಬರೂ ಹ್ಯಾಟ್ರಿಕ್ ಹೊಡೆದದ್ದು. ಮ್ಯಾಂಚೆಸ್ಟರ್ ಡರ್ಬಿಯೆಂದರೆ 2011ರ 6–1. ಅದೇ ಮ್ಯಾಂಚೆಸ್ಟರಿನಲ್ಲಿ 2020ರ ಡಿಸೆಂಬರ್ 12ರಂದು ನಡೆದ ಡರ್ಬಿ ನಿಮ್ಮಲ್ಲಿ ಯಾರಿಗೆ ನೆನಪಿದೆ? ಕೈ ಎತ್ತಿದವರು ಒಬ್ಬರೂ ಇಲ್ಲ. ಅದು 0–0. ಗೋಲಿಲ್ಲದ ಡರ್ಬಿಗೆ ಸ್ಮಾರಕ ಕಟ್ಟುವವರಿಲ್ಲ, ಹಾಗಾಗಿ ಪೇಟೆಗೆ ಬರುವ ಮನಸ್ಸಿನಲ್ಲಿ ಡರ್ಬಿಗಳೆಲ್ಲ ಗೋಲಿನ ಸುರಿಮಳೆಗಳಾಗಿಯೇ ಉಳಿಯುತ್ತವೆ. 'ಹೌದು' ಚೀಟಿಯನ್ನು ಒಂದೆರಡು ರೂಪಾಯಿ ದುಬಾರಿ ಮಾಡುವುದಕ್ಕೆ ಇಷ್ಟು ಸಾಕು, ಮತ್ತು ತಣ್ಣಗೆ ಕುಳಿತ ಲೆಕ್ಕಿಗನು 'ಇಲ್ಲ' ಕಡೆ ನಿಂತು ಕಾಯುವುದೂ ಆ ಒಂದೆರಡು ರೂಪಾಯಿಗಾಗಿಯೇ.

ತಣ್ಣಗಿನ ಲೆಕ್ಕವೆಂದರೆ ಏನು? ಇಲ್ಲಿ ಸ್ವಲ್ಪ ಪಾಠ ಮಾಡಬೇಕಾಗುತ್ತದೆ, ಸಹಿಸಿಕೊಳ್ಳಿ. ಫ್ರಾನ್ಸಿನ ಗಣಿತಜ್ಞ ಪ್ವಾಸೋನ್ 1837ರಲ್ಲಿ ಪ್ರಕಟಿಸಿದ ಒಂದು ಸೂತ್ರ, ಅಪರೂಪವಾಗಿ, ಒಂದಕ್ಕೊಂದು ಸಂಬಂಧವಿಲ್ಲದೆ ನಡೆಯುವ ಘಟನೆಗಳ ಎಣಿಕೆ ಹೇಗೆ ಹರಡಿಕೊಳ್ಳುತ್ತದೆ ಎಂಬುದನ್ನು ಹೇಳುತ್ತದೆ. ಅದನ್ನು ಜನಪ್ರಿಯಗೊಳಿಸಿದವನು ಬೋರ್ಟ್‌ಕೀವಿಚ್. ಪ್ರಷ್ಯದ ಅಶ್ವದಳದಲ್ಲಿ ಕುದುರೆ ಒದ್ದು ಸತ್ತ ಸೈನಿಕರ ಲೆಕ್ಕಕ್ಕೆ ಈ ಸೂತ್ರ ಹೊಂದುವುದನ್ನು ಅವನು 1898ರಲ್ಲಿ ತೋರಿಸಿದ. ಕುದುರೆಯ ಒದೆಗೆ ಹೊಂದಿದ್ದು ಫುಟ್‌ಬಾಲಿನ ಒದೆಗೂ ಬಹುಮಟ್ಟಿಗೆ ಹೊಂದುತ್ತದೆ.

ಈ ಸೂತ್ರಕ್ಕೆ ಬೇಕಾದದ್ದು ಒಂದೇ ಸಂಖ್ಯೆ, ಸರಾಸರಿ. ಪಂದ್ಯಕ್ಕೆ ಸರಾಸರಿ 2.7 ಗೋಲು ಎಂದುಕೊಳ್ಳಿ; ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಬಹಳ ವರ್ಷ ಇದ್ದದ್ದು ಹೆಚ್ಚುಕಡಿಮೆ ಅದೇ. ಆಗ ನೂರು ಪಂದ್ಯಗಳಲ್ಲಿ ಸುಮಾರು ಏಳು ಗೋಲಿಲ್ಲದೆ ಮುಗಿಯುತ್ತವೆ, ಹದಿನೆಂಟರಲ್ಲಿ ಒಂದೇ ಗೋಲು, ಇಪ್ಪತ್ತೈದರಲ್ಲಿ ಎರಡು. ಕೂಡಿಸಿದರೆ ಸರಿಸುಮಾರು ಐವತ್ತು. ಅಂದರೆ ಎರಡೂವರೆಯ ಗೆರೆ ಪಂದ್ಯಗಳನ್ನು ನಡುವೆಯೇ ಸೀಳುತ್ತದೆ. ನಮ್ಮ ಚೀಟಿ ಐದು ಚಹಾದಿಂದ ಆರಂಭವಾದದ್ದು ಅದಕ್ಕೇ. ಸರಾಸರಿಯನ್ನು 2.2ಕ್ಕೆ ಇಳಿಸಿದರೆ ಮೂರು ಗೋಲಿನ ಸಾಧ್ಯತೆ ನೂರಕ್ಕೆ 38ಕ್ಕೆ ಕುಸಿಯುತ್ತದೆ. ಅರ್ಧ ಗೋಲಿನ ವ್ಯತ್ಯಾಸಕ್ಕೆ ಹನ್ನೆರಡು ಹದಿಮೂರು ರೂಪಾಯಿ. ಪೇಟೆಯ ಜಗಳವೆಲ್ಲ ಈ ಅರ್ಧ ಗೋಲಿನ ಸುತ್ತಲೇ.

ಆ ಸರಾಸರಿ ಕಲ್ಲಿನಲ್ಲಿ ಕೆತ್ತಿದ್ದೂ ಅಲ್ಲ. ಪ್ರೀಮಿಯರ್ ಲೀಗಿನ ಒಂದು ಋತುವಿನಲ್ಲಿ 380 ಪಂದ್ಯಗಳು. 2006–07ರಲ್ಲಿ ಅಷ್ಟೂ ಪಂದ್ಯಗಳಿಂದ ಬಂದದ್ದು 931 ಗೋಲು, 2023–24ರಲ್ಲಿ 1,246. ಸರಾಸರಿ 2.45ರಿಂದ 3.28ಕ್ಕೆ ಜಿಗಿದಿದೆ. ಆ ಋತುವಿನಲ್ಲಿ ರೆಫರಿಗಳು ವ್ಯರ್ಥವಾದ ಸಮಯವನ್ನೆಲ್ಲ ಎಣಿಸಿ ಹೆಚ್ಚುವರಿ ನಿಮಿಷಗಳನ್ನು ಧಾರಾಳವಾಗಿ ಕೊಡತೊಡಗಿದ್ದೂ ಒಂದು ಕಾರಣ. 3.28ರ ಸರಾಸರಿಯಲ್ಲಿ ಮೂರು ಗೋಲಿನ ಚೀಟಿಗೆ 50 ಅಲ್ಲ, 63ಕ್ಕೂ ಮೇಲೆ ಬೆಲೆ ಸಲ್ಲುತ್ತದೆ. ಹಳೆಯ ಸರಾಸರಿಯನ್ನು ನೆಚ್ಚಿ 'ಇಲ್ಲ' ಕಡೆ ಕುಳಿತ ಜಾಣರು ಆ ವರ್ಷ ಏನಾದರೆಂದು ಊಹಿಸಿಕೊಳ್ಳಿ.

ಡರ್ಬಿಯಲ್ಲಿ ಈ ಸರಾಸರಿ ಏರುತ್ತದೆಯೇ, ಇಳಿಯುತ್ತದೆಯೇ? ಸೋಲಿನ ಹೆದರಿಕೆ ಎರಡೂ ತಂಡಗಳನ್ನು ಹಿಂದಕ್ಕೆ ಎಳೆಯುತ್ತದೆ, ಮೊದಲ ಇಪ್ಪತ್ತು ನಿಮಿಷ ಬರೀ ಕಾಲಿಗೆ ಕಾಲು. ಇನ್ನೊಂದು ಕಡೆ ಕೆಂಪು ಕಾರ್ಡು. ಲಿವರ್‌ಪೂಲ್ ಮತ್ತು ಎವರ್ಟನ್ ಡರ್ಬಿ ಪ್ರೀಮಿಯರ್ ಲೀಗಿನಲ್ಲಿ ಅತಿ ಹೆಚ್ಚು ಕೆಂಪು ಕಾರ್ಡು ಕಂಡ ಪಂದ್ಯವೆಂದು ಹೆಸರಾಗಿದೆ, ಮತ್ತು ಹತ್ತು ಜನರಾದ ತಂಡದ ಮೇಲೆ ಗೋಲು ಬೀಳುವುದು ಸುಲಭ. ನನ್ನ ಅಭಿಪ್ರಾಯದಲ್ಲಿ ಡರ್ಬಿ ಸರಾಸರಿಯನ್ನು ಬದಲಿಸುವುದಕ್ಕಿಂತ ಹೆಚ್ಚಾಗಿ ಮೊದಲ ಗೋಲಿನ ತೂಕವನ್ನು ಬದಲಿಸುತ್ತದೆ. ಅದು ಬಾರದಿದ್ದರೆ ಆಟ ಮುಷ್ಟಿ ಬಿಗಿದುಕೊಂಡೇ ಇರುತ್ತದೆ, ಬಂದರೆ ಹಿಂದೆ ಬಿದ್ದವರು ಮನೆಮಠ ಮರೆತು ನುಗ್ಗುತ್ತಾರೆ. ಹೀಗಾದಾಗ ಗೋಲಿಗೂ ಗೋಲಿಗೂ ಸಂಬಂಧವಿಲ್ಲವೆಂಬ ಪ್ವಾಸೋನನ ಷರತ್ತು ಸಡಿಲಗೊಳ್ಳುತ್ತದೆ. ಇದನ್ನು ಸಂಖ್ಯಾಶಾಸ್ತ್ರಜ್ಞರು ಕಾಣದೆ ಇಲ್ಲ. 1982ರಲ್ಲಿ ಮೇಹರ್ ಎರಡೂ ತಂಡಗಳ ದಾಳಿ ಮತ್ತು ರಕ್ಷಣೆಯ ಬಲವನ್ನು ಬೇರೆಬೇರೆಯಾಗಿ ಅಳೆಯುವ ದಾರಿ ತೋರಿಸಿದರು. 1997ರಲ್ಲಿ ಡಿಕ್ಸನ್ ಮತ್ತು ಕೋಲ್ಸ್ ಅದನ್ನು ಮುಂದುವರಿಸಿ 0–0, 1–0, 0–1, 1–1 ಎಂಬ ಸಣ್ಣ ಫಲಿತಾಂಶಗಳಿಗೆ ವಿಶೇಷ ತಿದ್ದುಪಡಿ ಸೇರಿಸಿದರು. ಇಂದಿನ ದೊಡ್ಡ ಆಟಗಾರರು, ಅಂದರೆ ಪೇಟೆಯ ಆಟಗಾರರು, ಇದೇ ವಂಶದ ಸೂತ್ರಗಳನ್ನು ಕಂಪ್ಯೂಟರಿಗೆ ಉಣಿಸಿಕೊಂಡು ಕೂತಿರುತ್ತಾರೆ.

ಈ ನಗರದಲ್ಲಿ ನಿಂತು ಊಹೆಯ ಪೇಟೆಯ ಮಾತಾಡುವಾಗ ಮಟ್ಕಾದ ಹೆಸರು ಎತ್ತದಿದ್ದರೆ ತಪ್ಪಾಗುತ್ತದೆ. ನಮ್ಮ ಊರುಗಳಲ್ಲಿ ಅದನ್ನು ಓಸಿ ಎನ್ನುತ್ತಾರೆ. ಓಪನ್ ಮತ್ತು ಕ್ಲೋಸ್ ಎಂಬ ಆ ಎರಡಕ್ಷರ ಬಂದದ್ದು ಹತ್ತಿಯಿಂದ ಎಂಬುದನ್ನು ಎಷ್ಟು ಜನ ಬಲ್ಲಿರೋ ಕಾಣೆ. ನ್ಯೂಯಾರ್ಕಿನ ಹತ್ತಿ ಪೇಟೆ ತೆರೆಯುವಾಗಿನ ಮತ್ತು ಮುಚ್ಚುವಾಗಿನ ದರಗಳು ಟೆಲಿಪ್ರಿಂಟರಿನಲ್ಲಿ ಮುಂಬಯಿಗೆ ಬರುತ್ತಿದ್ದವು, ಆ ದರಗಳ ಅಂಕಿಗಳ ಮೇಲೆ ಜನ ಬಾಜಿ ಕಟ್ಟುತ್ತಿದ್ದರು. 1960ರ ದಶಕದ ಆರಂಭದಲ್ಲಿ ಆ ದರಗಳು ಬರುವುದು ನಿಂತಾಗ ಕಲ್ಯಾಣ್‌ಜಿ ಭಗತ್, ಅನಂತರ ರತನ್ ಖತ್ರಿ, ಮಡಕೆಯಿಂದ ಚೀಟಿ ಎತ್ತುವ ಪದ್ಧತಿಗೆ ಆಟವನ್ನು ತಿರುಗಿಸಿದರು. ಗಮನಿಸಿ, ಹತ್ತಿಯ ದರದಲ್ಲಿ ಪ್ರಪಂಚದ ಸುದ್ದಿಯೆಲ್ಲ ಅಡಗಿತ್ತು, ಆದರೆ ಬಾಜಿ ಇದ್ದದ್ದು ಕೊನೆಯ ಅಂಕಿಯ ಮೇಲೆ, ಅದರಲ್ಲಿ ಸುದ್ದಿ ಒಂದು ಚೂರೂ ಇರಲಿಲ್ಲ. ಮಡಕೆಯಲ್ಲಂತೂ ಇಲ್ಲವೇ ಇಲ್ಲ. ಹತ್ತು ಸಾವಿರ ಜನ ಓಸಿ ಬರೆಸಿದರೂ ನಾಳಿನ ಅಂಕಿಯ ಬಗ್ಗೆ ನಮ್ಮ ತಿಳಿವಳಿಕೆ ಇಷ್ಟೂ ಹೆಚ್ಚುವುದಿಲ್ಲ. ಗೋಲಿನ ಚೀಟಿ ಹಾಗಲ್ಲ. ಮುಖ್ಯ ಸ್ಟ್ರೈಕರ್ ಮಂಡಿ ಹಿಡಿದುಕೊಂಡು ಕುಂಟಿದ್ದನ್ನು ಅಭ್ಯಾಸದ ಹೊತ್ತಿನಲ್ಲಿ ಕಂಡವನು, ಮಳೆ ನಿಂತ ಮೈದಾನದಲ್ಲಿ ಚೆಂಡು ಉರುಳುವುದಿಲ್ಲವೆಂದು ಬಲ್ಲ ಮಾಲಿ, ಈ ರೆಫರಿ ಪೆನಾಲ್ಟಿ ಕೊಡಲು ಕೈ ಹಿಂಜರಿಯುವವನೆಂದು ತಿಳಿದ ಹಳೆಯ ಆಟಗಾರ, ಇವರೆಲ್ಲರ ಕೈಯಲ್ಲಿರುವ ಚೂರುಪಾರು ತಿಳಿವಳಿಕೆ ಬೆಲೆಯೊಳಗೆ ಬಂದು ಸೇರುತ್ತದೆ. ಬೆಲೆಯೆಂಬುದು ಹೀಗೆ ಚದುರಿದ ತಿಳಿವಳಿಕೆಯನ್ನು ಒಟ್ಟುಗೂಡಿಸುವ ಸಾಧನವೆಂದು ಅರ್ಥಶಾಸ್ತ್ರಜ್ಞ ಹಯೆಕ್ 1945ರಲ್ಲೇ ವಾದಿಸಿದ್ದರು.

ಅದೇ ಕಾರಣಕ್ಕೆ ಮೊದಲು ತಿಳಿದವನೇ ಮೊದಲು ಕೊಳ್ಳುತ್ತಾನೆ. ಆ ರಾತ್ರಿ ನಮ್ಮ ಟಿವಿ ಇಂಟರ್ನೆಟ್ಟಿನ ಮೇಲೆ ಓಡುತ್ತಿದ್ದರಿಂದ ಕೆಲವು ಕ್ಷಣ ಹಿಂದಿತ್ತು. ಬ್ರ್ಯಾಂಡನ್ ಗೋಲು ಹೊಡೆದಾಗ ನಮ್ಮ ಪರದೆಯಲ್ಲಿ ಚೆಂಡು ಇನ್ನೂ ನಡುಮೈದಾನದಲ್ಲಿತ್ತು, ಪಕ್ಕದ ಕಟ್ಟಡದ ಮೂರನೇ ಮಾಳಿಗೆಯಿಂದ ಗೋವಾದ ಕುಟುಂಬವೊಂದರ ಕೂಗು ಕೇಳಿಸಿತು. ಕಿಟಕಿಯ ಬಳಿ ಕುಳಿತಿದ್ದ ದೋಸೆ ಕಾವಲಿಯ ಹುಡುಗ ಮಾತಿಲ್ಲದೆ ನನ್ನ ಪಕ್ಕದವರಿಂದ ನಾಲ್ಕು ಚಹಾಕ್ಕೆ ಒಂದು ಚೀಟಿ ಕೊಂಡ. ನಿಜವಾದ ಪೇಟೆಗಳಲ್ಲಿ ಮೈದಾನದಲ್ಲೇ ಕುಳಿತು ಫೋನಿನಿಂದ ಇದನ್ನೇ ಮಾಡುವವರಿದ್ದಾರೆ. ಅದಕ್ಕೇ ಪಂದ್ಯ ನಡೆಯುವಾಗ ಬಂದ ಆರ್ಡರನ್ನು ಕೆಲವು ಸೆಕೆಂಡು ತಡೆದಿಡುವ ಪದ್ಧತಿ ಬಂದಿದೆ.

ಕಾನೂನಿನ ಮಾತನ್ನು ಬೇಗ ಮುಗಿಸುತ್ತೇನೆ, ಆದರೆ ಅದರಲ್ಲಿ ಒಂದು ಕನ್ನಡನಾಡಿನ ಎಳೆ ಇದೆ. ಸ್ವಾತಂತ್ರ್ಯದ ಹೊಸದರಲ್ಲಿ ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ಎಂಬ ವಾರಪತ್ರಿಕೆಯ ಮೂಲಕ ಆರ್‌ಎಂಡಿ ಚಮಾರ್‌ಬಾಗವಾಲಾ ಎಂಬವರು ಪದಬಂಧದ ಸ್ಪರ್ಧೆ ನಡೆಸುತ್ತಿದ್ದರು, ಅದಕ್ಕೆ ಮುಂಬಯಿ ರಾಜ್ಯದಿಂದ ಭರಪೂರ ಹಣ ಹೋಗುತ್ತಿತ್ತು. ಮುಂಬಯಿ ಸರ್ಕಾರ ತೆರಿಗೆ ಹಾಕಿತು, ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 1957ರ ತೀರ್ಪಿನಲ್ಲಿ ನ್ಯಾಯಾಲಯವು ಋಗ್ವೇದದ ಕಾಲದಿಂದ ಜೂಜಿನ ನಿಂದೆಯನ್ನು ನೆನೆದು, ಜೂಜು ಸಂವಿಧಾನ ಕಾಪಾಡುವ ವ್ಯಾಪಾರವೇ ಅಲ್ಲವೆಂದಿತು. ಚಾತುರ್ಯದ ಆಟವೋ ಅದೃಷ್ಟದ ಆಟವೋ ಎಂಬ ವಾದ ಅಲ್ಲಿಂದ ಮುಂದೆ ದಶಕಗಳ ಕಾಲ ನಡೆಯಿತು. 2025ರ ಏಪ್ರಿಲಿನಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ, ಓಪಿನಿಯನ್ ಟ್ರೇಡಿಂಗ್ ಎಂಬ ಹೆಸರಿನಲ್ಲಿ ಇಲ್ಲಿ ನಡೆಯುತ್ತಿದ್ದ ಊಹೆಯ ಪೇಟೆಗಳು ತನ್ನ ನಿಯಂತ್ರಣಕ್ಕೆ ಒಳಪಟ್ಟವಲ್ಲ, ಅಲ್ಲಿ ಹೂಡಿಕೆದಾರರಿಗೆ ರಕ್ಷಣೆಯಿಲ್ಲ ಎಂದು ಎಚ್ಚರಿಸಿತು. ಅದೇ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆಯು, ಚಾತುರ್ಯವಿರಲಿ ಅದೃಷ್ಟವಿರಲಿ, ಹಣ ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಡೆಸುವುದನ್ನೇ ನಿಷೇಧಿಸಿತು. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಹಾಗಾಗಿ ಇಲ್ಲಿಂದ ಮನೆಗೆ ಹೋಗಿ ಮೊಬೈಲಿನಲ್ಲಿ ಇದನ್ನು ಪ್ರಯತ್ನಿಸುವ ಉತ್ಸಾಹ ಯಾರಿಗಾದರೂ ಬಂದಿದ್ದರೆ ಅದನ್ನು ಇಲ್ಲೇ ಬಿಟ್ಟು ಹೋಗಿ.

ಮತ್ತೆ ಆ 89ನೇ ನಿಮಿಷಕ್ಕೆ ಬರೋಣ. ತೊಂಬತ್ತು ನಿಮಿಷಕ್ಕೆ 2.7 ಎಂದರೆ ನಿಮಿಷಕ್ಕೆ 0.03 ಗೋಲು. ಹೆಚ್ಚುವರಿ ಸಮಯ ಸೇರಿ ಎಂಟು ನಿಮಿಷ ಉಳಿದಿದೆ ಎಂದರೆ 0.24. ಕನಿಷ್ಠ ಒಂದು ಗೋಲು ಬರುವ ಸಾಧ್ಯತೆ ನೂರಕ್ಕೆ 21. ನನ್ನ ಚೀಟಿಗೆ ಸಲ್ಲುವ ಬೆಲೆ ಎರಡು ಕಟಿಂಗ್ ಮತ್ತು ಒಂದು ಗುಟುಕು. ನಾನು ಕಳೆದುಕೊಂಡದ್ದು ಆ ಗುಟುಕು ಮಾತ್ರ. ಆ ಎಂಟು ನಿಮಿಷದಲ್ಲಿ ಒಂದಲ್ಲ, ಮೂರು ಗೋಲು ಬರುವ ಸಾಧ್ಯತೆ ಇದೇ ಲೆಕ್ಕದಲ್ಲಿ ಸಾವಿರಕ್ಕೆ ಎರಡು. ಅದಕ್ಕೆ ಯಾರಾದರೂ ಚೀಟಿ ಬರೆಸಿದ್ದರೆ ಶೆಟ್ಟರು ಹೋಟೆಲನ್ನೇ ಬರೆದುಕೊಡಬೇಕಾಗುತ್ತಿತ್ತು. "ಹಾಗಾದರೆ ಬೆಲೆ ತಪ್ಪಾಯಿತಲ್ಲ, ಗೋಲು ಬಂತಲ್ಲ" ಎಂದು ಅವರು ಇಂದಿಗೂ ವಾದಿಸುತ್ತಾರೆ. ನೂರಕ್ಕೆ 21 ಎಂದರೆ ಬರುವುದಿಲ್ಲ ಎಂದರ್ಥವಲ್ಲ, ಇಂಥ ಐದು ರಾತ್ರಿಗಳಲ್ಲಿ ಒಂದು ರಾತ್ರಿ ಬರುತ್ತದೆ ಎಂದರ್ಥ. ಆ ಒಂದು ರಾತ್ರಿ ಅದಾಗಿತ್ತು.

ಬೆಲೆಯನ್ನು ಪರೀಕ್ಷಿಸುವ ದಾರಿ ಬೇರೆ ಇದೆ. 1950ರಲ್ಲಿ ಗ್ಲೆನ್ ಬ್ರಯರ್ ಎಂಬ ಹವಾಮಾನ ತಜ್ಞರು ಮಳೆಯ ಮುನ್ಸೂಚನೆಗಳನ್ನು ಅಳೆಯಲು ಒಂದು ಕ್ರಮ ಹಾಕಿಕೊಟ್ಟರು. ನೀವು ಹೇಳಿದ ಸಾಧ್ಯತೆಗೂ ಆದದ್ದಕ್ಕೂ ಇರುವ ಅಂತರದ ವರ್ಗವೇ ನಿಮ್ಮ ದಂಡ. ಗೋಲು ಬಂದರೆ 1, ಬಾರದಿದ್ದರೆ 0. ನಾನು 0.2 ಎಂದಿದ್ದೆ, ಗೋಲು ಬಂತು, ಅಂತರ 0.8, ದಂಡ 0.64. ಯಾವಾಗಲೂ ಅರ್ಧಕ್ಕರ್ಧ ಎಂದು ಹೇಳಿಕೊಂಡು ಓಡಾಡುವ ಸೋಮಾರಿಗೆ ಪ್ರತಿ ಸಲವೂ ದಂಡ 0.25. ಆ ರಾತ್ರಿ ಸೋಮಾರಿ ನನ್ನನ್ನು ಸೋಲಿಸಿದ. ಆದರೆ ಗೋಲು ಬಾರದ ಉಳಿದ ನಾಲ್ಕು ರಾತ್ರಿ ನನ್ನ ದಂಡ 0.04 ಮಾತ್ರ. ಐದನ್ನೂ ಕೂಡಿ ಭಾಗಿಸಿ: ನನ್ನದು 0.16, ಅವನದು ಅದೇ 0.25. ಪೇಟೆಯನ್ನೂ ಹೀಗೆ ಒಂದು ಡರ್ಬಿಯಿಂದಲ್ಲ, ಸಾಲು ಸಾಲು ಪಂದ್ಯಗಳಿಂದ ತೂಗಬೇಕು. ಅದು 50 ಎಂದ ಪಂದ್ಯಗಳಲ್ಲಿ ಅರ್ಧದಷ್ಟರಲ್ಲಿ, 20 ಎಂದ ಪಂದ್ಯಗಳಲ್ಲಿ ಐದಕ್ಕೊಂದರಲ್ಲಿ ಮೂರು ಗೋಲು ಬಂದಿದ್ದರೆ ಅದು ಪ್ರಾಮಾಣಿಕ ಪೇಟೆ. ಡರ್ಬಿಯ ತೊಂದರೆಯೇ ಇದು, ಅದು ವರ್ಷಕ್ಕೆ ಎರಡೋ ಮೂರೋ ಸಲ ಬರುತ್ತದೆ. ಪೇಟೆ ಡರ್ಬಿಗೆ ಕಟ್ಟಿದ ಬೆಲೆ ನೆಟ್ಟಗಿದೆಯೇ ಎಂದು ತಿಳಿಯುವಷ್ಟು ಪಂದ್ಯಗಳು ಸೇರುವ ಹೊತ್ತಿಗೆ ಆಟಗಾರರು, ತರಬೇತುದಾರರು, ರೆಫರಿಗಳ ಗಡಿಯಾರ, ಎಲ್ಲವೂ ಬದಲಾಗಿರುತ್ತವೆ.

ಆ ರಾತ್ರಿಯ ಮರುದಿನ ಶೆಟ್ಟರು ಹೋಟೆಲಿನ ಹಾಲಿನ ಲೆಕ್ಕದ ಪುಸ್ತಕವೊಂದನ್ನು ನನಗೆ ಕೊಟ್ಟರು. ಅದರಲ್ಲಿ ಪ್ರತಿ ಪಂದ್ಯಕ್ಕೂ ಮೂರು ಕಲಂ: ಆಟ ಶುರುವಾಗುವಾಗಿನ ನಮ್ಮ ಚೀಟಿಯ ಬೆಲೆ, ಬಂದ ಗೋಲು, ದಂಡ. ಈಗ ಮೂವತ್ತೇಳು ಸಾಲು ತುಂಬಿವೆ. ದಂಡದ ಸರಾಸರಿ ಎಷ್ಟಾಯಿತೆಂದು ಶೆಟ್ಟರು ವಾರಕ್ಕೊಮ್ಮೆ ಕೇಳುತ್ತಾರೆ. ಇನ್ನೂರು ಸಾಲು ಆಗಲಿ, ಆಮೇಲೆ ಹೇಳುತ್ತೇನೆ ಎಂದಿದ್ದೇನೆ. ಅಲ್ಲಿಯವರೆಗೆ ಪುಸ್ತಕ ಗಲ್ಲಾಪೆಟ್ಟಿಗೆಯ ಕೆಳಗಿನ ಡ್ರಾಯರಿನಲ್ಲಿರುತ್ತದೆ, ನೋಡಬೇಕೆಂದವರು ಮಧ್ಯಾಹ್ನ ಮೂರರ ಮೇಲೆ ಬರಬಹುದು.